ಹಳೇ ಲ್ಯಾಪ್‌ಟಾಪ್‌ನಲ್ಲಿ ಜೆಂಕಿನ್ಸ್: ನನ್ನ ಅನುಭವ

ಕೋಡ್ ಬದಲಾದಾಗಲೆಲ್ಲ ಅದನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ಮಷೀನೇ ಸಿಐ ಸರ್ವರ್; ಜೆಂಕಿನ್ಸ್ ಆ ಕೆಲಸದ ತಂತ್ರಾಂಶ. ಅಂಥದ್ದನ್ನು ಮನೆಯಲ್ಲಿ ಇಡುವುದಾದರೆ ಡೆಸ್ಕ್‌ಟಾಪ್‌ಗಿಂತ ಹಳೇ ಲ್ಯಾಪ್‌ಟಾಪೇ ವಾಸಿ. ಬೆಂಗಳೂರಿನಲ್ಲಿ ನಾಲ್ಕು ಹನಿ ಮಳೆ ಬಿದ್ದರೆ ಕರೆಂಟ್ ಹೋಗಿ ಬಂದು ಮಾಡುತ್ತದೆ. ಬ್ಯಾಟರಿಯೇ ಯುಪಿಎಸ್ ಆಗುತ್ತದೆ. ನನ್ನದರಲ್ಲಿ 8 ಜಿಬಿ ರ‍್ಯಾಮ್ ಇದೆ. ಕಂಪ್ಯೂಟರ್ ಬಿಡಿಭಾಗ ಸಿಗುವ ಎಸ್‌ಪಿ ರಸ್ತೆಯಿಂದ 256 ಜಿಬಿ ಎಸ್‌ಎಸ್‌ಡಿ ತಂದು ಹಾಕಿ, ಉಬುಂಟು ಸರ್ವರ್ ಇನ್‌ಸ್ಟಾಲ್ ಮಾಡಿದೆ. ಮುಚ್ಚಳ ಮುಚ್ಚಿದರೆ ಮಷೀನ್ ಸ್ಲೀಪ್‌ಗೆ ಹೋಗುತ್ತದೆ. ಮುಚ್ಚಳ ಮುಚ್ಚಿದ್ದನ್ನು ಗಮನಿಸುವ ಲಾಗಿನ್‌ಡಿಯ ಕಾನ್ಫಿಗ್ ಫೈಲ್‌ನಲ್ಲಿ 'ಹ್ಯಾಂಡಲ್ ಲಿಡ್ ಸ್ವಿಚ್' ಅನ್ನು 'ಇಗ್ನೋರ್' ಎಂದು ಬದಲಿಸಿದರೆ ಅದು ನಿಲ್ಲುತ್ತದೆ.

ಮೊದಲು ಜಾವಾ 21, ಆಮೇಲೆ ಜೆಂಕಿನ್ಸ್‌ನ ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವ) ಆವೃತ್ತಿ. ಅದು ಕೇಳುವುದು 8080 ಪೋರ್ಟ್. ನಿಮ್ಮ ಬೇರೆ ಆ್ಯಪ್ ಅಲ್ಲೇ ಕೂತಿದ್ದರೆ ಜೆಂಕಿನ್ಸ್ ಏಳುವುದೇ ಇಲ್ಲ. ಪೋರ್ಟನ್ನು ಸಿಸ್ಟಮ್‌ಡಿಯ (ಸರ್ವಿಸ್‌ಗಳನ್ನು ಓಡಿಸುವ ವ್ಯವಸ್ಥೆ) ಓವರ್‌ರೈಡ್ ಫೈಲ್‌ನಲ್ಲಿ ಬದಲಿಸಿ. ಮೂಲ ಸರ್ವಿಸ್ ಫೈಲ್ ತಿದ್ದಿದರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಅಳಿಸಿಹೋಗುತ್ತದೆ. ಅದೇ ಓವರ್‌ರೈಡ್‌ನಲ್ಲಿ ಹೀಪ್ (ಜಾವಾ ಬಳಸುವ ಮೆಮೊರಿ) 1 ಜಿಬಿಗೆ ಕಟ್ಟಿಹಾಕಿದೆ. ಎಕ್ಸಿಕ್ಯೂಟರ್ (ಒಟ್ಟಿಗೆ ಓಡಬಲ್ಲ ಬಿಲ್ಡ್‌ಗಳ ಸಂಖ್ಯೆ) ಡೀಫಾಲ್ಟ್ 2 ಇರುತ್ತದೆ, 1 ಮಾಡಿ. ಎರಡು ಗ್ರೇಡಲ್ (ಬಿಲ್ಡ್ ಮಾಡುವ ಸಾಧನ) ಬಿಲ್ಡ್ ಒಟ್ಟಿಗೆ ಓಡಿ ರ‍್ಯಾಮ್ ಮುಗಿದರೆ ಕರ್ನಲ್ ಯಾವುದೋ ಒಂದನ್ನು ಕೊಲ್ಲುತ್ತದೆ. ಲಾಗ್‌ನಲ್ಲಿ ಎಕ್ಸಿಟ್ ಕೋಡ್ 137 ಕಂಡರೆ ಮೊದಲ ಅನುಮಾನ ಅದರ ಮೇಲೇ ಇರಲಿ.

ಮನೆಯ ಇಂಟರ್‌ನೆಟ್‌ಗೆ ಸ್ವಂತ ಪಬ್ಲಿಕ್ ಐಪಿ ಇಲ್ಲದಿದ್ದರೆ ಗಿಟ್‌ಹಬ್ ವೆಬ್‌ಹುಕ್ (ಹೊಸ ಕೋಡ್ ಬಂತೆಂಬ ಸೂಚನೆ) ಒಳಗೆ ಬರಲಾರದು. ನಾನು 'ಪೋಲ್ ಎಸ್‌ಸಿಎಂ' ಇಟ್ಟುಕೊಂಡೆ: 'ಎಚ್/5 * * * *'. ಐದು ನಿಮಿಷಕ್ಕೊಮ್ಮೆ ಜೆಂಕಿನ್ಸೇ ಹೋಗಿ ನೋಡಿಕೊಂಡು ಬರುತ್ತದೆ. 'ಎಚ್' ಇದ್ದರೆ ಎಲ್ಲ ಜಾಬ್‌ಗಳೂ ಒಂದೇ ನಿಮಿಷಕ್ಕೆ ಮುಗಿಬೀಳುವುದಿಲ್ಲ. ರೂಟರ್‌ನಲ್ಲಿ ಪೋರ್ಟ್ ತೆರೆದು ಜೆಂಕಿನ್ಸನ್ನು ಬೀದಿಗೆ ಬಿಡುವ ಕೆಲಸ ಮಾತ್ರ ದಯವಿಟ್ಟು ಬೇಡ.

ಲ್ಯಾಪ್‌ಟಾಪ್ ಉಳಿದರೂ ಕರೆಂಟ್ ಹೋದಾಗ ವೈಫೈ ರೂಟರ್ ಆರುತ್ತದೆ, ಬಿಲ್ಡ್ ಅರ್ಧದಲ್ಲೇ ಸಾಯುತ್ತದೆ. ನನ್ನ ರೂಟರ್‌ನ ಅಡಾಪ್ಟರ್ 12 ವೋಲ್ಟ್. ಅದಕ್ಕೆ ಹೊಂದುವ ಚಿಕ್ಕ ಯುಪಿಎಸ್ ಸಾಕಾಯಿತು. ಜತೆಗೆ ಪೈಪ್‌ಲೈನ್‌ನ (ಬಿಲ್ಡ್ ಹಂತಗಳ ಪಟ್ಟಿ) ಚೆಕ್‌ಔಟ್, ಅಂದರೆ ಕೋಡ್ ಇಳಿಸಿಕೊಳ್ಳುವ, ಹಂತವನ್ನು 'ರಿಟ್ರೈ 3' (ಮೂರು ಬಾರಿ ಯತ್ನ) ಒಳಗೆ ಇಟ್ಟೆ. ಬ್ಯಾಟರಿಯೂ ಖಾಲಿಯಾಗಿ ಮಷೀನ್ ಆರಿದರೆ ಇನ್ನೊಂದು ತೊಡಕು: ಮತ್ತೆ ಎದ್ದ ಜೆಂಕಿನ್ಸ್ ಹಳೇ ಬಿಲ್ಡನ್ನು ಮುಂದುವರಿಸಲು ನೋಡುತ್ತದೆ, ಆದರೆ ಅದರ ಶೆಲ್ ಪ್ರೋಸೆಸ್ ಸತ್ತಿರುತ್ತದೆ. ಪೈಪ್‌ಲೈನ್‌ನ ಆಪ್ಷನ್ಸ್‌ನಲ್ಲಿ 'ಡಿಸೇಬಲ್ ರೆಸ್ಯೂಮ್' ಹಾಕಿ, ಹೊಸದಾಗಿ ಓಡಿಸುವುದೇ ನೇರ ದಾರಿ.

ಆ್ಯಪ್‌ಗಳನ್ನು ಕಂಟೇನರ್‌ನಲ್ಲಿ ಓಡಿಸುವ ಡಾಕರ್‌ನಲ್ಲಿ 'ಪರ್ಮಿಷನ್ ಡಿನೈಡ್' ಬಂದರೆ ಜೆಂಕಿನ್ಸ್ ಯೂಸರನ್ನು ಡಾಕರ್ ಗುಂಪಿಗೆ ಸೇರಿಸಿ, ಸರ್ವಿಸ್ ರೀಸ್ಟಾರ್ಟ್ ಮಾಡಿ. ಓಡುತ್ತಿರುವ ಪ್ರೋಸೆಸ್‌ಗೆ ಹೊಸ ಗುಂಪು ತಾನಾಗಿ ಅಂಟುವುದಿಲ್ಲ. ಆ ಗುಂಪು ಎಂದರೆ ರೂಟ್ (ಮಷೀನ್‌ನ ಪೂರ್ಣ) ಅಧಿಕಾರ ಕೊಟ್ಟಂತೆಯೇ. ಹಾಗಾಗಿ ಪರಿಚಯವಿಲ್ಲದವರ ಕೋಡ್ ಈ ಮಷೀನ್‌ನಲ್ಲಿ ನಾನು ಓಡಿಸುವುದಿಲ್ಲ.

ಡಿಸ್ಕ್ ಮೇಲೆ ಕಣ್ಣಿರಲಿ. ಖಾಲಿ ಜಾಗ 1 ಜಿಬಿಗಿಂತ ಕೆಳಗಿಳಿದರೆ ಜೆಂಕಿನ್ಸ್ ನೋಡ್ (ಬಿಲ್ಡ್ ಓಡುವ ಮಷೀನ್) ಅನ್ನು ಆಫ್‌ಲೈನ್ ಮಾಡುತ್ತದೆ, ಬಿಲ್ಡ್‌ಗಳು ಸುಮ್ಮನೆ ಕ್ಯೂನಲ್ಲಿ ಕೂರುತ್ತವೆ. ಕೊನೆಯ 10 ಬಿಲ್ಡ್ ಮಾತ್ರ ಉಳಿಸಿ, ಬಳಸದ ಡಾಕರ್ ಇಮೇಜ್‌ಗಳನ್ನು ವಾರಕ್ಕೊಮ್ಮೆ ಗುಡಿಸಿ. ಬ್ಯಾಕಪ್‌ಗೆ ವರ್ಕ್‌ಸ್ಪೇಸ್ (ಬಿಲ್ಡ್ ನಡೆಯುವ ಫೋಲ್ಡರ್) ಬಿಟ್ಟು ಉಳಿದ ಜೆಂಕಿನ್ಸ್ ಹೋಮ್ (ಅದರ ಡೇಟಾ ಫೋಲ್ಡರ್) ತೆಗೆದುಕೊಂಡರೆ ಆಯಿತು. 'ಸೀಕ್ರೆಟ್ಸ್' ಫೋಲ್ಡರ್ ಬಿಟ್ಟುಹೋದರೆ ಮಾತ್ರ ಉಳಿಸಿಟ್ಟ ಪಾಸ್‌ವರ್ಡ್‌ಗಳು ಬೇರೆ ಮಷೀನ್‌ನಲ್ಲಿ ತೆರೆಯುವುದಿಲ್ಲ. ಒಂದೊಂದಾಗಿ ಮತ್ತೆ ಹಾಕಬೇಕು.