ಹಸುಗೆ ನೋವಿನ ಇಂಜೆಕ್ಷನ್ ಹಾಕ್ಸೋ ಮುಂಚೆ ಹೆಸ್ರು ಓದಿ

ದನ ಸಾಕಿರೋರೆಲ್ಲ ಸ್ವಲ್ಪ ಗಮನ ಕೊಡಿ. ಕೆಚ್ಚಲು ಬಾವು ಬಂತು, ಕಾಲು ಊದ್ತು ಅಂತ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ತಂದು ಹಾಕ್ಸೋದು ನಮ್ಮ ಕಡೆ ಈಗ್ಲೂ ನೋಡ್ತೀನಿ, ದಯವಿಟ್ಟು ಬೇಡ. ದನಗಳಿಗೆ ಅದು 2006ರಲ್ಲೇ ಬ್ಯಾನ್ ಆಗಿದೆ. ಆ ಔಷಧಿ ಮೈಯಲ್ಲಿರೋವಾಗ ದನ ಸತ್ರೆ, ಅದನ್ನ ತಿಂದ ರಣಹದ್ದಿಗೆ ಕಿಡ್ನಿ ಕೆಟ್ಟು ಯೂರಿಕ್ ಆಸಿಡ್ ಒಳಗೆಲ್ಲ ಸುಣ್ಣದ ಥರ ಕಟ್ಕೊಂಡು ಕೆಲವೇ ದಿನದಲ್ಲಿ ಸಾಯುತ್ತೆ ಪಾಪ. ರಾಮನಗರದ ರಾಮದೇವರ ಬೆಟ್ಟದಲ್ಲಿ ರಣಹದ್ದು ಉಳಿದಿರೋದೇ ಬೆರಳೆಣಿಕೆಯಷ್ಟು.

ಮನುಷ್ಯರ ಡೈಕ್ಲೋಫೆನಾಕ್ ಇಂಜೆಕ್ಷನ್ನನ್ನ ದನಕ್ಕೆ ಬಳಸ್ಬಾರ್ದು ಅಂತ 2015ರಿಂದ 3 ಎಂ.ಎಲ್. ಒಂದೇ ಡೋಸಿನ ಪ್ಯಾಕಲ್ಲಿ ಮಾತ್ರ ಮಾರ್ಬೇಕು ಅಂತ ರೂಲ್ಸ್ ಇದೆ, ಹಂಗಾಗಿ ಯಾರಾದ್ರೂ ನಾಲ್ಕೈದು ಪುಟ್ಟ ಆಂಪೂಲ್ ಒಡೆದು ಒಂದೇ ಸಿರಿಂಜಿಗೆ ಎಳೀತಿದ್ರೆ ಅಲ್ಲೇ ತಡೆದು ಏನದು ಅಂತ ಕೇಳಿ. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ 2023ರಲ್ಲಿ ದನಗಳಿಗೆ ಬ್ಯಾನ್ ಆಗಿವೆ. ಬದ್ಲಿಗೆ ಮೆಲಾಕ್ಸಿಕ್ಯಾಮ್ ಕೊಡಿ ಸಾರ್ ಅಂತ ಪಶು ಡಾಕ್ಟರ್ ಹತ್ರ ಬಾಯಿಬಿಟ್ಟು ಕೇಳಿ, ರಣಹದ್ದಿಗೆ ಅದ್ರಿಂದ ತೊಂದ್ರೆ ಇಲ್ಲ, ನೋವಿಗೂ ಚೆನ್ನಾಗೇ ಕೆಲಸ ಮಾಡುತ್ತೆ. ನೋವಿನ ಔಷಧಿ ಕೊಟ್ಟ ಒಂದು ವಾರದೊಳಗೆ ದನ ತೀರ್ಕೊಂಡ್ರೆ ಬಯಲಿಗೆ ಎಸೀಬೇಡಿ, ಆಳವಾಗಿ ಗುಂಡಿ ತೆಗೆದು ಹೂತುಬಿಡಿ.