ಏರಿದ ನಾಡಿ ಎಷ್ಟು ಬೇಗ ಇಳಿಯುತ್ತದೆ? ಮನೆಯಲ್ಲೇ ಎಣಿಸಿ ನೋಡಿ

ಮೂರನೇ ಮಹಡಿಗೆ ಮೆಟ್ಟಿಲು ಹತ್ತಿ ನಿಂತಾಗ ಎದೆ ಡವಡವ ಎನ್ನುವುದು ಸಹಜ. ಗಮನಿಸಬೇಕಾದದ್ದು ನಿಂತ ಮೇಲಿನ ಒಂದು ನಿಮಿಷವನ್ನು. ಅದನ್ನು ಅಳೆಯಲು ಒಂದಡಿ ಎತ್ತರದ ಗಟ್ಟಿ ಮೆಟ್ಟಿಲು, ಸೆಕೆಂಡ್ ಮುಳ್ಳಿರುವ ಗಡಿಯಾರ ಮತ್ತು ನಿಮ್ಮದೇ ಎರಡು ಬೆರಳು ಸಾಕು.

ಮನೆಯ ಮೆಟ್ಟಿಲು ಸಾಮಾನ್ಯವಾಗಿ ಆರೇಳು ಇಂಚು ಇರುತ್ತದೆ, ಅದು ಸಾಲದು. ಆರಿಂಚಿನ ಸಿಮೆಂಟ್ ಬ್ಲಾಕ್ ನಾಲ್ಕು ತಂದು, ಎರಡನ್ನು ಜೋಡಿಸಿ ಮಲಗಿಸಿ, ಮೇಲೆ ಇನ್ನೆರಡು ಇಟ್ಟರೆ ಸರಿಯಾಗಿ 12 ಇಂಚು. ಅಲುಗಾಡದಂತೆ ಗೋಡೆಗೆ ಒತ್ತಿಸಿ. ಪ್ಲಾಸ್ಟಿಕ್ ಸ್ಟೂಲು ಬೇಡವೇ ಬೇಡ.

ಎದೆನೋವು, ಹೃದಯದ ಕಾಯಿಲೆ, ಹತೋಟಿಗೆ ಬಾರದ ಬಿಪಿ, ಮಂಡಿನೋವು ಇದ್ದವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರ ನಾಡಿ ಎಷ್ಟು ಹತ್ತಿಳಿದರೂ ಹೆಚ್ಚು ಏರುವುದಿಲ್ಲ. ಅಂಥವರಿಗೆ ಈ ಲೆಕ್ಕ ಉಪಯೋಗಕ್ಕೆ ಬಾರದು. ಪರೀಕ್ಷೆಗೆಂದು ಮಾತ್ರೆ ಬಿಡುವ ಸಾಹಸ ಮಾತ್ರ ಮಾಡಬೇಡಿ.

ಮೊದಲು, ಕೂತಾಗಿನ ಎಣಿಕೆ

ಬೆಳಗ್ಗೆ ಕಾಫಿಗೆ ಮುಂಚೆ ಐದು ನಿಮಿಷ ಸುಮ್ಮನೆ ಕುಳಿತಿರಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳ ಬುಡದಿಂದ ಮಣಿಕಟ್ಟಿನ ಕಡೆ ಇಳಿದರೆ ಮೂಳೆಯ ಒಳಬದಿಗೆ ಸಣ್ಣ ತಗ್ಗು ಸಿಗುತ್ತದೆ. ಅಲ್ಲಿ ತೋರುಬೆರಳು, ನಡುಬೆರಳು ಇಡಿ. ಹೆಬ್ಬೆರಳು ಬೇಡ, ಅದರದ್ದೇ ಮಿಡಿತ ಲೆಕ್ಕ ಕೆಡಿಸುತ್ತದೆ. ಜೋರಾಗಿ ಒತ್ತಿದರೆ ರಕ್ತನಾಳ ಚಪ್ಪಟೆಯಾಗಿ ಮಿಡಿತವೇ ಮಾಯ. ಗಡಿಯಾರ ನೋಡಿ ಶುರು ಮಾಡಿದ ಬಡಿತಕ್ಕೆ ‘ಸೊನ್ನೆ’ ಎನ್ನಿ, ಮುಂದಿನದಕ್ಕೆ ‘ಒಂದು’. ಪೂರ್ತಿ ಒಂದು ನಿಮಿಷ ಎಣಿಸಿ. ವಯಸ್ಕರಲ್ಲಿ 60ರಿಂದ 100 ಸಾಮಾನ್ಯ. ಉಸಿರು ಎಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನವಾದರೆ ಅದು ದೋಷವಲ್ಲ. ತಾಳವೇ ಇಲ್ಲದಂತೆ ಹೊಡೆದುಕೊಂಡರೆ ಇಸಿಜಿ ಮಾಡಿಸಬೇಕು.

ಬಲ ಹೃತ್ಕರ್ಣದ, ಅಂದರೆ ಹೃದಯದ ಬಲ ಮೇಲ್ಕೋಣೆಯ, ಗೋಡೆಯಲ್ಲಿರುವ ಸಣ್ಣ ಗಂಟು ಹೃದಯಕ್ಕೆ ತಾಳ ಹಾಕುತ್ತದೆ. ಅದನ್ನು ಅದರ ಪಾಡಿಗೆ ಬಿಟ್ಟರೆ ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ನಿಮ್ಮದು 70 ಇದ್ದರೆ, ಮಿದುಳಿನಿಂದ ಇಳಿದು ಬರುವ ವೇಗಸ್ ನರ ಮೂಗುದಾರ ಜಗ್ಗಿ ಹಿಡಿದಿದೆ ಎಂದರ್ಥ. ಹೆಜ್ಜೆ ಎತ್ತಿದ ಕೆಲವೇ ಸೆಕೆಂಡಿನಲ್ಲಿ ನಾಡಿ ಏರುವುದು ಈ ಮೂಗುದಾರ ಸಡಿಲವಾಗುವುದರಿಂದ. 100 ದಾಟಿದ ಮೇಲಿನ ಏರಿಕೆಗೆ ಮುಖ್ಯವಾಗಿ ಇನ್ನೊಂದು ನರಜಾಲ ಮತ್ತು ಅಡ್ರಿನಲಿನ್ ಬೀಸುವ ಬಾರುಕೋಲು ಬೇಕು.

ಮೂರು ನಿಮಿಷ ಹತ್ತಿ ಇಳಿ

ಫೋನಿನಲ್ಲಿ ಮೆಟ್ರೊನೋಮ್ ಆ್ಯಪ್ ಹಾಕಿ ನಿಮಿಷಕ್ಕೆ 96ಕ್ಕೆ ಇಡಿ. ಪ್ರತಿ ಟಿಕ್‌ಗೆ ಒಂದು ಹೆಜ್ಜೆ: ಬಲಗಾಲು ಮೇಲೆ, ಎಡಗಾಲು ಮೇಲೆ, ಬಲಗಾಲು ಕೆಳಗೆ, ಎಡಗಾಲು ಕೆಳಗೆ. ನಿಮಿಷಕ್ಕೆ 24 ಸುತ್ತು. ಒಂದೂವರೆ ನಿಮಿಷವಾದಾಗ, ಮೊದಲು ಮೇಲಿಡುವ ಕಾಲನ್ನು ಬದಲಿಸಿ, ಇಲ್ಲದಿದ್ದರೆ ಹೃದಯಕ್ಕಿಂತ ಮುಂಚೆ ಒಂದು ತೊಡೆ ಸೋಲುತ್ತದೆ. ಪೂರ್ತಿ ಪಾದ ಊರಿ, ಉಸಿರು ಕಟ್ಟಬೇಡಿ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ.

ಕೂತಿದ್ದಾಗ ಹೃದಯ ಬಡಿತಕ್ಕೆ ಸುಮಾರು 70 ಮಿಲಿಲೀಟರ್‌ನಂತೆ ನಿಮಿಷಕ್ಕೆ ಐದು ಲೀಟರ್ ತಳ್ಳುತ್ತದೆ. ಆರೋಗ್ಯವಂತರು ಪೂರ್ತಿ ಶ್ರಮಪಟ್ಟಾಗ ಇದು 20 ಲೀಟರ್ ಮುಟ್ಟಬಲ್ಲದು. ಬರೀ ವೇಗ ಹೆಚ್ಚಿದರೆ ಇಷ್ಟಾಗದು. ಮೀನಖಂಡದ ಸ್ನಾಯು ಹಿಂಡಿದಾಗಲೆಲ್ಲ ಕಾಲಿನ ರಕ್ತ ಮೇಲೇರುತ್ತದೆ, ನಾಳದೊಳಗಿನ ಕವಾಟಗಳು ಅದನ್ನು ಹಿಂದಕ್ಕೆ ಬಿಡುವುದಿಲ್ಲ. ಹೆಚ್ಚು ತುಂಬಿ ಹಿಗ್ಗಿದ ಹೃತ್ಕುಕ್ಷಿ (ಹೃದಯದ ಕೆಳಕೋಣೆ) ಹೆಚ್ಚು ರಭಸದಿಂದ ಹಿಂಡುತ್ತದೆ. ವಿಶ್ರಾಂತಿಯಲ್ಲಿ ಸ್ನಾಯುಗಳಿಗೆ ಸಿಗುತ್ತಿದ್ದ ರಕ್ತದ ಐದನೇ ಒಂದು ಪಾಲು ಆಗ ಐದರಲ್ಲಿ ನಾಲ್ಕಕ್ಕೆ ಏರುತ್ತದೆ. ಅಷ್ಟು ಹೊತ್ತು ಜಠರ, ಕರುಳು, ಮೂತ್ರಪಿಂಡಗಳಿಗೆ ಕಡಿತ. ಮುದ್ದೆ ಉಂಡ ಕೂಡಲೇ ಈ ಪರೀಕ್ಷೆ ಬೇಡ ಎನ್ನುವುದು ಅದಕ್ಕೇ.

ಹೃದಯ ತನ್ನ ಹೊಟ್ಟೆ ತುಂಬಿಸಿಕೊಳ್ಳುವ ರೀತಿಯೇ ಬೇರೆ. ಎಡ ಹೃತ್ಕುಕ್ಷಿ ಹಿಂಡುವಾಗ ಅದರ ಗೋಡೆಯೊಳಗಿನ ರಕ್ತನಾಳಗಳೂ ಹಿಂಡಿಹೋಗುತ್ತವೆ. ಹಾಗಾಗಿ ಅದಕ್ಕೆ ರಕ್ತ ಹರಿಯುವುದು ಹೆಚ್ಚಾಗಿ ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ನಾಡಿ 70 ಇದ್ದಾಗ ವಿರಾಮ ಅರ್ಧ ಸೆಕೆಂಡಿನಷ್ಟಿರುತ್ತದೆ. 180ಕ್ಕೆ ಏರಿದರೆ ಹಿಂಡುವುದು, ಬಿಡುವುದು ಎರಡೂ ಸೇರಿ ಇರುವುದೇ ಸೆಕೆಂಡಿನ ಮೂರನೇ ಒಂದು ಭಾಗ. ನಾಳ ಚೆನ್ನಾಗಿದ್ದರೆ ಹಿಗ್ಗಿಕೊಂಡು ಸರಿದೂಗಿಸುತ್ತದೆ. ಒಳಗೆ ಕೊಬ್ಬು ಕಟ್ಟಿದ್ದರೆ ಆಗದು, ದಿಣ್ಣೆ ಏರುವಾಗ ಎದೆ ಹಿಂಡಿ ನಿಂತರೆ ಬಿಡುವ ನೋವು ಆ ಕೊರತೆಯದ್ದು. ‘ಗ್ಯಾಸ್ ಇರಬೇಕು’ ಎಂದು ಅದನ್ನು ಜೀರಿಗೆ ಕಷಾಯಕ್ಕೆ ಒಪ್ಪಿಸಬೇಡಿ.

ಇಳಿಕೆಯ ಲೆಕ್ಕ

ಮೂರು ನಿಮಿಷ ಮುಗಿದ ತಕ್ಷಣ ಕುಳಿತು 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ನಿಲ್ಲಿಸಿ ಸರಿಯಾಗಿ ಒಂದು ನಿಮಿಷವಾದಾಗ ಮತ್ತೆ 15 ಸೆಕೆಂಡ್. ಮೊದಲು 33 ಸಿಕ್ಕಿದರೆ 132, ಆಮೇಲೆ 26 ಸಿಕ್ಕಿದರೆ 104, ಇಳಿಕೆ 28. ಆರು ಸೆಕೆಂಡ್ ಎಣಿಸಿ ಹತ್ತರಿಂದ ಗುಣಿಸುವ ಅಭ್ಯಾಸ ಕೆಲವರಿಗಿದೆ. ಅದರಲ್ಲಿ ಒಂದು ಬಡಿತ ತಪ್ಪಿದರೆ ಹತ್ತು ತಪ್ಪಿದಂತೆ.

ಮೊದಲ ನಿಮಿಷದ ಈ ಇಳಿಕೆ ಹೆಚ್ಚಾಗಿ ಮೂಗುದಾರ ಮತ್ತೆ ಬಿಗಿಯಾಗುವುದರಿಂದ ಆಗುವಂಥದ್ದು. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ನಿಮಿಷದಲ್ಲಿ 12 ಅಥವಾ ಅದಕ್ಕಿಂತ ಕಡಿಮೆ ಇಳಿದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವಿನ ಅಪಾಯ ಹೆಚ್ಚು ಕಂಡಿತ್ತು. ಅದು ಟ್ರೆಡ್‌ಮಿಲ್‌ನಲ್ಲಿ ದಣಿಯುವಷ್ಟು ನಡೆಸಿ, ಆಮೇಲೆ ನಿಧಾನಕ್ಕೆ ನಡೆಯುತ್ತಲೇ ಅಳೆದ ಅಂಕಿ. ನಿಮ್ಮ ಬ್ಲಾಕಿನ ಲೆಕ್ಕಕ್ಕೆ ಅದನ್ನೇ ತಂದು ಅಂಟಿಸುವಂತಿಲ್ಲ. ನಿಮ್ಮ ಅಂಕಿಗೆ ನಿಮ್ಮದೇ ಹಿಂದಿನ ಅಂಕಿ ಅಳತೆಗೋಲು.

ಏಪ್ರಿಲ್ ಸೆಕೆ, ನೀರು ಕಡಿಮೆಯಾಗಿರುವುದು, ನಿದ್ದೆಗೆಟ್ಟ ರಾತ್ರಿ, ಜ್ವರ, ರಕ್ತಹೀನತೆ, ಇವೆಲ್ಲ ನಾಡಿಯನ್ನು ಏರಿಸುತ್ತವೆ. ಕೈಗಡಿಯಾರದ ಸೆನ್ಸರ್‌ ಕೆಲವೊಮ್ಮೆ ನಾಡಿ ಬಿಟ್ಟು ಹೆಜ್ಜೆಯನ್ನೇ ಎಣಿಸಿಬಿಡುತ್ತದೆ, ಪಟ್ಟಿ ಸಡಿಲವಿದ್ದರಂತೂ ಇನ್ನೂ ಹೆಚ್ಚು.

ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಎರಡು ಮೂರು ತಿಂಗಳಲ್ಲಿ ಅದೇ ಮೂರು ನಿಮಿಷಕ್ಕೆ ನಾಡಿ ಕಡಿಮೆ ಏರುತ್ತದೆ, ಏಕೆಂದರೆ ಬಡಿತಕ್ಕೆ ಹೆಚ್ಚು ರಕ್ತ ಹೊರಬೀಳುತ್ತದೆ. ಗರಿಷ್ಠ ಬಡಿತ ಮಾತ್ರ ವ್ಯಾಯಾಮದಿಂದ ಹೆಚ್ಚುವುದಿಲ್ಲ. 220ರಲ್ಲಿ ವಯಸ್ಸು ಕಳೆಯುವ ಸೂತ್ರ ಸರಾಸರಿ ಅಷ್ಟೇ, ಹತ್ತು ಹನ್ನೆರಡು ಅತ್ತಿತ್ತ ಆಗುವುದು ಮಾಮೂಲು. ಅದನ್ನು ಅಟ್ಟಿಸಿಕೊಂಡು ಓಡಬೇಡಿ.

ಎಣಿಕೆಯಾದ ಮೇಲೆ ನಾಲ್ಕೈದು ನಿಮಿಷ ಅಂಗಳದಲ್ಲಿ ಅಡ್ಡಾಡಿ. ತಕ್ಷಣ ಬಿಸಿನೀರು ಹುಯ್ದುಕೊಂಡರೆ ಚರ್ಮದ ನಾಳಗಳು ಹಿಗ್ಗಿ ತಲೆ ಸುತ್ತಬಹುದು. ಮೂರೂ ಅಂಕಿಗಳನ್ನು ಗೋಡೆ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಬರೆದಿಡಿ. ನಾಲ್ಕು ವಾರದ ನಂತರ ಅದೇ ಬ್ಲಾಕು, ಅದೇ ಹೊತ್ತು.