ಹಳೆಯ ಕಾರ್ವೆಟ್‌ಗೆ ಬಳಸಿದ ಬಿಗ್-ಬ್ಲಾಕ್ ಎಂಜಿನ್ ಆರಿಸಿಕೊಳ್ಳುವುದು ಹೇಗೆ

ಷೆವರ್ಲೆ ಕಂಪನಿಯ ಕಾರ್ವೆಟ್ ಸ್ಪೋರ್ಟ್ಸ್ ಕಾರುಗಳಿಗೆ ಕಾರ್ಖಾನೆಯಲ್ಲೇ ಬಿಗ್-ಬ್ಲಾಕ್ ಎಂಬ ದೊಡ್ಡ ಗಾತ್ರದ ವಿ8 ಎಂಜಿನ್ ಕೂರಿಸಿ ಮಾರುತ್ತಿದ್ದುದು 1965ರಿಂದ 1974ರವರೆಗೆ ಮಾತ್ರ. ಮೊದಲ ವರ್ಷ 396 ಘನ ಇಂಚಿನ ಎಂಜಿನ್ ಬಂತು, 1966ರಿಂದ 1969ರವರೆಗೆ 427 ಇತ್ತು, 1970ರಿಂದ ಕೊನೆಯವರೆಗೆ 454 ಇತ್ತು. ಆ ಕಾಲದ ಎಷ್ಟೋ ಕಾರುಗಳು ಇಂದು ಮೂಲ ಎಂಜಿನ್ ಕಳೆದುಕೊಂಡು ಅಮೆರಿಕದ ಗ್ಯಾರೇಜುಗಳಲ್ಲಿ ನಿಂತಿವೆ. ಅಂಥದೊಂದು ಕಾರನ್ನು ಕೊಂಡು ವಾರಾಂತ್ಯಗಳಲ್ಲಿ ಕೈಯಾರೆ ಕಟ್ಟುತ್ತಿರುವ ಅಲ್ಲಿನ ಕನ್ನಡಿಗರಿಗೆ ಬಳಸಿದ ಎಂಜಿನ್ ಆರಿಸುವಾಗ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯದಲ್ಲಿ ಕೊಳ್ಳಬೇಕಾದದ್ದು ಗಟ್ಟಿಯಾದ ಬ್ಲಾಕ್ (ಸಿಲಿಂಡರುಗಳಿರುವ ಎರಕದ ಒಡಲು) ಮತ್ತು ಪಿಸ್ಟನ್‌ಗಳು ಸುತ್ತಿಸುವ ನೇರವಾದ ಕ್ರ್ಯಾಂಕ್‌ಶಾಫ್ಟ್. ಮಾರುವವರು ಹೇಳುವ ಅಶ್ವಶಕ್ತಿಗೆ ಹಣ ಕೊಡಬೇಕಾಗಿಲ್ಲ.

ಕಾರು ಏನಾಗಬೇಕೆಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸಿಕೊಳ್ಳಬೇಕು. ಪ್ರದರ್ಶನಕ್ಕಿಡುವ, ಮೂಲಕ್ಕೆ ಹತ್ತಿರವಾದ ಕಾರು ಬೇಕೆಂದರೆ ಬ್ಲಾಕಿನ ಲೋಹದಲ್ಲೇ ಉಬ್ಬಿ ಮೂಡಿರುವ ಎರಕದ ಸಂಖ್ಯೆ, ಎರಕದ ದಿನಾಂಕ ಮತ್ತು ಎಂಜಿನ್ ಜೋಡಿಸಿದಾಗ ಹೊಡೆದ ಮುದ್ರೆ ಮೂರೂ ಆ ಕಾರಿನ ವರ್ಷಕ್ಕೆ ಹೊಂದಬೇಕಾಗುತ್ತದೆ, ಮತ್ತು ಅಂಥ ಎಂಜಿನ್ನಿಗೆ ಸಂಗ್ರಾಹಕರ ಬೆಲೆಯೇ ಇರುತ್ತದೆ. ಓಡಿಸಿ ಸಂತೋಷಪಡುವ ಕಾರು ಬೇಕೆಂದರೆ 1970 ಮತ್ತು 80ರ ದಶಕಗಳ ಪಿಕಪ್, ಸಬರ್ಬನ್ ಅಥವಾ ಮೋಟರ್‌ಹೋಮ್‌ನಿಂದ ಇಳಿಸಿದ 454 ಎಂಜಿನ್ ಅದೇ ಕೆಲಸವನ್ನು ಬಹಳ ಕಡಿಮೆ ಖರ್ಚಿನಲ್ಲಿ ಮಾಡುತ್ತದೆ. ಇವೆರಡರ ನಡುವೆ ನಿರ್ಧರಿಸದೆ ಹೊರಟವರು ಸಂಗ್ರಾಹಕರ ಬೆಲೆ ತೆತ್ತು ಟ್ರಕ್ಕಿನ ಎಂಜಿನ್ ತರುವುದನ್ನು ಕಂಡಿದ್ದೇನೆ.

ಎಂಜಿನ್ನಿನ ಗುರುತು ಹಿಡಿಯಲು ಎರಡು ಜಾಗಗಳನ್ನು ನೋಡಬೇಕು. ಎರಕದ ಸಂಖ್ಯೆ ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂರುವ ಅಂಚಿನ ಮೇಲೆ, ಚಾಲಕನ ಬದಿಗೆ, ಅಂದರೆ ಎಡಗಡೆ ಇರುತ್ತದೆ. ಆದರೆ ಆ ಸಂಖ್ಯೆಯೊಂದನ್ನೇ ನಂಬಿ ಗಾತ್ರವನ್ನು ಹೇಳಲಾಗದು: 3963512 ಎಂಬ ಎರಕ 1969ರ 427ರಲ್ಲೂ ಇದೆ, ನಂತರದ 454ರಲ್ಲೂ ಇದೆ, ಏಕೆಂದರೆ ಎರಡರ ಬೋರ್ (ಸಿಲಿಂಡರಿನ ಅಗಲ) ಒಂದೇ, ಸುಮಾರು 4.25 ಇಂಚು. ವ್ಯತ್ಯಾಸವಿರುವುದು ಸ್ಟ್ರೋಕ್‌ನಲ್ಲಿ, ಅಂದರೆ ಪಿಸ್ಟನ್ ಓಡುವ ದೂರದಲ್ಲಿ, 427ರದು 3.76 ಇಂಚು, 454ರದು 4 ಇಂಚು. ಎಂಜಿನ್ ಬಿಚ್ಚದೆಯೇ ಇದನ್ನು ತಿಳಿಯಲು ಕ್ರ್ಯಾಂಕಿನ ಮುಂದಿನ ತುದಿಯ ಗಾಲಿಯಂಥ ಹಾರ್ಮೋನಿಕ್ ಬ್ಯಾಲೆನ್ಸರ್ ನೋಡಬಹುದು. 454 ಎಂಜಿನ್ನಿನ ತೂಕದ ಸಮತೋಲನದ ಒಂದು ಪಾಲು ಹೊರಗಿನ ಬ್ಯಾಲೆನ್ಸರ್ ಮತ್ತು ಹಿಂದಿನ ತುದಿಯ ಫ್ಲೈವೀಲ್‌ಗಳ ಮೇಲಿರುವುದರಿಂದ ಅದರ ಬ್ಯಾಲೆನ್ಸರಿನ ಒಂದು ಬದಿ ಭಾರವಾಗಿ, ಇನ್ನೊಂದು ಬದಿ ಕೆತ್ತಿ ತೆಗೆದಂತೆ ಕಾಣುತ್ತದೆ. 396, ಬೇರೆ ಷೆವರ್ಲೆಗಳಲ್ಲಿ ಬಂದ 402 ಮತ್ತು 427ರಲ್ಲಿ ಅದು ಸಮನಾಗಿರುತ್ತದೆ. ಇದೇ ಕಾರಣಕ್ಕೆ 427ರ ಫ್ಲೈವೀಲನ್ನು 454ಕ್ಕೆ ಹಾಕಿದರೆ ಎಂಜಿನ್ ನಡುಗುತ್ತದೆ, ಬೇರಿಂಗ್‌ಗಳು ಬೇಗ ಸವೆಯುತ್ತವೆ. ಆದ್ದರಿಂದ 454 ಕೊಳ್ಳುವಾಗ ಬ್ಯಾಲೆನ್ಸರ್ ಮತ್ತು ಫ್ಲೈವೀಲ್ ಅಥವಾ (ಆಟೊಮ್ಯಾಟಿಕ್ ಗೇರ್‌ಬಾಕ್ಸಿನದಾದರೆ) ಫ್ಲೆಕ್ಸ್‌ಪ್ಲೇಟನ್ನು ಜೊತೆಯಲ್ಲೇ ಕೇಳಿ ಪಡೆಯಬೇಕು.

ಎರಡನೆಯ ಜಾಗ ಬ್ಲಾಕಿನ ಮುಂಭಾಗದಲ್ಲಿ, ಪ್ರಯಾಣಿಕರ ಬದಿಯ ಸಿಲಿಂಡರ್ ಹೆಡ್‌ನ ಮುಂದಿರುವ ಚಿಕ್ಕ ಸಮತಟ್ಟು ಪಟ್ಟಿ. ನ್ಯೂಯಾರ್ಕ್ ರಾಜ್ಯದ ಟೊನವಾಂಡಾ ಕಾರ್ಖಾನೆಯಲ್ಲಿ ಜೋಡಿಸಿದ ಈ ಎಂಜಿನ್ನುಗಳ ಮುದ್ರೆ ‘ಟಿ’ ಅಕ್ಷರದಿಂದ ಆರಂಭವಾಗುತ್ತದೆ; ನಂತರದ ನಾಲ್ಕು ಅಂಕಿಗಳು ತಿಂಗಳು ಮತ್ತು ದಿನ, ಕೊನೆಯ ಅಕ್ಷರಗಳು ಎಂಜಿನ್ನಿನ ಬಗೆ. ಎರಕದ ದಿನಾಂಕ ಜೋಡಣೆಯ ದಿನಾಂಕಕ್ಕಿಂತ ಹಿಂದಿನದಾಗಿರಬೇಕು, ಜೋಡಣೆಯ ದಿನಾಂಕ ಕಾರು ತಯಾರಾದ ದಿನಕ್ಕಿಂತ ಹಿಂದಿನದಾಗಿರಬೇಕು. ಮೂಲ ಪಟ್ಟಿಯ ಮೇಲೆ ಕಾರ್ಖಾನೆಯ ಯಂತ್ರ ಬಿಟ್ಟ ಸಣ್ಣ ಸಮಾನಾಂತರ ಗೆರೆಗಳು ಹಿಂದಿನಿಂದ ಮುಂದಕ್ಕೆ ಓಡುತ್ತವೆ. ಆ ಗೆರೆಗಳಿಲ್ಲದೆ ಪಟ್ಟಿ ನುಣುಪಾಗಿದ್ದು ಅಕ್ಷರಗಳು ಮಾತ್ರ ಚೂಪಾಗಿದ್ದರೆ, ಬ್ಲಾಕಿನ ಮೇಲ್ಮೈಯನ್ನು ಯಾವಾಗಲೋ ಮಟ್ಟ ಮಾಡಿ ಹೊಸದಾಗಿ ಮುದ್ರೆ ಹೊಡೆದಿರುವ ಸಾಧ್ಯತೆಯಿದೆ. ಅಂಥದಕ್ಕೆ ಮೂಲ ಎಂಜಿನ್ನಿನ ಬೆಲೆ ಕೊಡಕೂಡದು.

ದೂರವಿಡಬೇಕಾದ ಕೆಲವು ಎಂಜಿನ್ನುಗಳೂ ಇವೆ. ಶಾಲಾ ಬಸ್ಸು ಮತ್ತು ಭಾರದ ಟ್ರಕ್‌ಗಳಲ್ಲಿ ಬಂದ 366 ಹಾಗೂ ಟ್ರಕ್ಕಿನ 427 ಎಂಜಿನ್ನುಗಳ ಬ್ಲಾಕ್ ಎತ್ತರವಾದದ್ದು. ಕ್ರ್ಯಾಂಕಿನ ನಡುವಿನಿಂದ ಮೇಲ್ಮೈವರೆಗೆ ಸಾಮಾನ್ಯ ಬ್ಲಾಕಿನಲ್ಲಿ 9.8 ಇಂಚಿದ್ದರೆ ಇದರಲ್ಲಿ 10.2 ಇಂಚು. ಕೇವಲ ‘427’ ಎಂದು ಬರೆದ ಜಾಹೀರಾತನ್ನು ಕಂಡು ಹಿಗ್ಗುವ ಮೊದಲು ಇದನ್ನು ಅಳೆಯಲೇಬೇಕು, ಏಕೆಂದರೆ ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡ್ ಆ ಬ್ಲಾಕಿಗೆ ನೇರವಾಗಿ ಕೂರುವುದಿಲ್ಲ, ಮತ್ತು ಕಾರ್ವೆಟ್‌ನ ತಗ್ಗು ಬಾನೆಟ್ಟಿನ ಕೆಳಗೆ ಪ್ರತಿ ಅರ್ಧ ಇಂಚಿಗೂ ಬೆಲೆಯಿದೆ. 1991ರಿಂದ ಈಚಿನ 454 ಕೆಟ್ಟ ಎಂಜಿನ್ನೇನಲ್ಲ. ಆದರೆ ಅದರ ಹಿಂಬದಿಯ ಕ್ರ್ಯಾಂಕ್ ಸೀಲು ಒಂದೇ ತುಂಡಿನದಾದ್ದರಿಂದ ಫ್ಲೈವೀಲ್ ಬೇರೆ, ಕೂಲಂಟ್ ಹರಿಯುವ ದಾರಿಗಳೂ ಬೇರೆ. ಹಳೆಯ ಹೆಡ್‌ಗಳನ್ನು ಯೋಚಿಸದೆ ಅದರ ಮೇಲೆ ಕೂರಿಸುವಂತಿಲ್ಲ. ದೋಣಿಯ ಎಂಜಿನ್ ಕಡಿಮೆ ಗಂಟೆ ಓಡಿದೆ ಎಂದು ಹೇಳಿ ಮಾರುತ್ತಾರೆ. ಉಪ್ಪುನೀರು ಹರಿದಿದ್ದರೆ ಒಳಗಿನ ನೀರಿನ ಕೋಣೆಗಳ ಗೋಡೆಯನ್ನು ತುಕ್ಕು ತಿಂದಿರುತ್ತದೆ. ಜೋಡಿ ಎಂಜಿನ್ನಿನ ದೋಣಿಗಳಲ್ಲಿ ಒಂದು ಎಂಜಿನ್ ತಿರುಗುಮುರುಗಾಗಿ ಸುತ್ತುವುದೂ ಉಂಟು.

ಎಂಜಿನ್ ಇನ್ನೂ ವಾಹನದಲ್ಲೇ ಇದ್ದು ಚಾಲೂ ಆಗುವಂತಿದ್ದರೆ ಅದು ದೊಡ್ಡ ಅನುಕೂಲ. ತಣ್ಣಗಿರುವಾಗಲೇ ಹೋಗಿ ಚಾಲೂ ಮಾಡಿಸಿ, ಚೆನ್ನಾಗಿ ಬಿಸಿಯಾಗುವವರೆಗೆ ಕಾಯಬೇಕು. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ತನ್ನ ಸದ್ದುಗಳನ್ನು ಮರೆಮಾಚುತ್ತದೆ. ಬಿಸಿಯಾದ ಮೇಲೆ ನಿಮಿಷಕ್ಕೆ ಪ್ರತಿ 1000 ಸುತ್ತಿಗೆ ಸುಮಾರು 10 ಪಿಎಸ್‌ಐ ಆಯಿಲ್ ಒತ್ತಡವಿರಬೇಕು, ಮತ್ತು ಅದನ್ನು ಡ್ಯಾಶ್‌ಬೋರ್ಡಿನ ಮುಳ್ಳಿನಲ್ಲಿ ನೋಡದೆ ನೀವೇ ತಂದ ಗೇಜ್ ಜೋಡಿಸಿ ನೋಡಬೇಕು. ಕಂಪ್ರೆಷನ್ (ಪ್ರತಿ ಸಿಲಿಂಡರ್ ಹುಟ್ಟಿಸುವ ಒತ್ತಡ) ಪರೀಕ್ಷೆಗೆ ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು, ತುಂಬು ಚಾರ್ಜಿನ ಬ್ಯಾಟರಿಯಿಂದ ಸುತ್ತಿಸಬೇಕು. ಅತಿ ಕಡಿಮೆಯ ಸಿಲಿಂಡರ್ ಅತಿ ಹೆಚ್ಚಿನದರ ಮುಕ್ಕಾಲು ಪಾಲಿಗಿಂತ ಕೆಳಗೆ ಬಂದರೆ ಕಾರಣ ಹುಡುಕಬೇಕು. ಆ ಸಿಲಿಂಡರಿಗೆ ಒಂದಿಷ್ಟು ಆಯಿಲ್ ಹಾಕಿ ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗು ಅಥವಾ ಬೋರಿನದು, ಏರದಿದ್ದರೆ ಹೆಚ್ಚಾಗಿ ವಾಲ್ವಿನದು. ರಾಕರ್ ಕವರ್ ತೆಗೆದು ಇನ್‌ಟೇಕ್ ವಾಲ್ವುಗಳೆಲ್ಲ ಒಂದೇ ಎತ್ತರಕ್ಕೆ, ಎಕ್ಸಾಸ್ಟ್ ವಾಲ್ವುಗಳೆಲ್ಲ ಒಂದೇ ಎತ್ತರಕ್ಕೆ ಏಳುತ್ತಿವೆಯೇ ಎಂದೂ ನೋಡಬೇಕು, ಏಕೆಂದರೆ ಈ ಎಂಜಿನ್ನುಗಳಲ್ಲಿ ವಾಲ್ವುಗಳನ್ನು ಎತ್ತುವ ಚಪ್ಪಟೆ ಟ್ಯಾಪೆಟ್ ಕ್ಯಾಮ್‌ಶಾಫ್ಟ್‌ನ ಉಬ್ಬು ಸವೆದಿದ್ದರೆ ಅದರ ಲೋಹದ ಪುಡಿ ಇಷ್ಟರಲ್ಲಾಗಲೇ ಎಲ್ಲ ಬೇರಿಂಗುಗಳಿಗೂ ತಲುಪಿರುತ್ತದೆ.

ಗುಜರಿಯಲ್ಲಿ ನೆಲದ ಮೇಲಿಟ್ಟ ಎಂಜಿನ್ನಿನ ಪರೀಕ್ಷೆ ಬೇರೆ ರೀತಿಯದು. ಮೊದಲು ಕ್ರ್ಯಾಂಕನ್ನು ಉದ್ದನೆಯ ಸ್ಪ್ಯಾನರಿನಿಂದ ಎರಡು ಪೂರ್ತಿ ಸುತ್ತು ತಿರುಗಿಸಿ ನೋಡಿ. ತಿರುಗದೆ ಸೀಸ್ ಆಗಿದ್ದರೆ ತುಕ್ಕು ಹಿಡಿದ ಸಿಲಿಂಡರ್ ಎಷ್ಟು ಆಳಕ್ಕೆ ತಿಂದುಹೋಗಿದೆ ಎಂಬುದು ಹೆಡ್ ಬಿಚ್ಚದೆ ತಿಳಿಯುವುದಿಲ್ಲ, ಹಾಗಾಗಿ ಅದನ್ನು ಕಬ್ಬಿಣದ ತೂಕದ ಬೆಲೆಗಷ್ಟೇ ಕೊಳ್ಳಬಹುದು. ಬ್ಲಾಕಿನ ಎರಡೂ ಪಕ್ಕಗಳನ್ನು ವೈರ್ ಬ್ರಷ್ಷಿನಿಂದ ಉಜ್ಜಿ, ಫ್ರೀಜ್ ಪ್ಲಗ್‌ಗಳ (ಬ್ಲಾಕಿನ ಪಕ್ಕದ ತೂತುಗಳನ್ನು ಮುಚ್ಚುವ ಲೋಹದ ಬಿಲ್ಲೆಗಳ) ಮೇಲಿನ ಗೋಡೆಯಲ್ಲಿ ಅಡ್ಡಡ್ಡ ಬಿರುಕಿದೆಯೇ ಎಂದು ಬೆಳಕು ಬಿಟ್ಟು ನೋಡಬೇಕು. ಚಳಿ ಪ್ರದೇಶಗಳಲ್ಲಿ ಕೂಲಂಟ್ ಬದಲು ಬರಿಯ ನೀರು ತುಂಬಿಟ್ಟು ಮಂಜುಗಟ್ಟಿದ ಬ್ಲಾಕುಗಳು ಒಡೆಯುವುದು ಬಹುಮಟ್ಟಿಗೆ ಅಲ್ಲಿಯೇ. ಮಾರುವವರು ಒಪ್ಪಿದರೆ ಆಯಿಲ್ ಚೇಂಬರ್ ಬಿಚ್ಚಿಸಿ. ತಳದಲ್ಲಿ ತಾಮ್ರದ ಬಣ್ಣದ ಚೂರುಗಳು ಕಂಡರೆ ಬೇರಿಂಗ್ ಹೋಗಿದೆ. ಕ್ರ್ಯಾಂಕನ್ನು ಹಿಡಿದಿಡುವ ಪ್ರತಿ ಮುಖ್ಯ ಬೇರಿಂಗ್ ಕ್ಯಾಪ್‌ಗೆ ಎರಡು ಬೋಲ್ಟಿವೆಯೋ ನಾಲ್ಕಿವೆಯೋ ಎಂಬುದೂ ಆಗಲೇ ಖಚಿತವಾಗಿ ತಿಳಿಯುವುದು. ರಸ್ತೆಯ ಮೇಲೆ ಓಡಿಸುವ ಕಾರಿಗೆ ಎರಡು ಬೋಲ್ಟಿನ ಬ್ಲಾಕ್ ಧಾರಾಳವಾಗಿ ಸಾಕು ಎಂಬುದು ನನ್ನ ದೃಢವಾದ ನಂಬಿಕೆ. ನಾಲ್ಕು ಬೋಲ್ಟಿನ ಹೆಸರಿನಲ್ಲಿ ಕೇಳುವ ಹೆಚ್ಚಿನ ಹಣವನ್ನು ಮಶೀನ್ ಶಾಪಿನ ಕೆಲಸಕ್ಕೆ ಉಳಿಸಿಕೊಳ್ಳುವುದು ಮೇಲು.

ಹೆಡ್ ತೆಗೆಯಲು ಅವಕಾಶವಿದ್ದರೆ ಬೋರ್ ಅಳೆಯಿರಿ. 454ರಲ್ಲಿ 4.25 ಇಂಚು ಇದ್ದರೆ ಅದನ್ನು ಇನ್ನೂ ಯಾರೂ ಕೊರೆದಿಲ್ಲ, 4.28 ಇದ್ದರೆ ಒಮ್ಮೆ 0.030 ಇಂಚು ಬೋರ್ ಮಾಡಿದ್ದಾರೆ, ಇನ್ನೊಮ್ಮೆಗೆ ಸ್ಥಳವಿದೆ. 4.31 ಬಂದರೆ ಅಲ್ಲಿಗೆ ನಿಲ್ಲಿಸುವುದು ಜಾಣತನ, ಏಕೆಂದರೆ ಅದಕ್ಕೂ ಮುಂದೆ ಹೋಗಲು ಗೋಡೆಯ ದಪ್ಪವನ್ನು ಶಬ್ದತರಂಗದ ಉಪಕರಣದಿಂದ ಪರೀಕ್ಷಿಸಿಯೇ ತೀರಬೇಕು. ಹೆಡ್‌ಗಳಲ್ಲಿ ವಾಲ್ವ್ ಸೀಟುಗಳ ನಡುವೆ ಬಿರುಕು ಹುಡುಕಬೇಕು. 1980ರ ದಶಕದ ಹಲವು ಟ್ರಕ್ ಹೆಡ್‌ಗಳ ಇನ್‌ಟೇಕ್ ಪೋರ್ಟ್ ತೀರಾ ಚಿಕ್ಕದಾದ್ದರಿಂದ ಅವು ಕಾರ್ವೆಟ್‌ಗೆ ಒಪ್ಪುವುದಿಲ್ಲ. ಬ್ಲಾಕ್ ಚೆನ್ನಾಗಿದ್ದರೆ ಹೆಡ್ ಬದಲಿಸಿಕೊಳ್ಳಬಹುದು.

ಅಶ್ವಶಕ್ತಿಯ ಮಾತಿಗೆ ಒಂದು ಉದಾಹರಣೆ ಸಾಕು. ಕಾರ್ವೆಟ್‌ನ ಎಲ್‌ಎಸ್‌5 ಎಂಬ 454 ಎಂಜಿನ್ನಿಗೆ 1971ರಲ್ಲಿ 365 ಅಶ್ವಶಕ್ತಿ ಎಂದು, 1972ರಲ್ಲಿ 270 ಎಂದು ಬರೆಯಲಾಗಿತ್ತು. ಈ ಇಳಿಕೆಗೆ ಮುಖ್ಯ ಕಾರಣ, ಬರಿಯ ಎಂಜಿನ್ನನ್ನು ಅಳೆಯುವುದನ್ನು ಬಿಟ್ಟು ಸೈಲೆನ್ಸರ್, ಫ್ಯಾನ್ ಮುಂತಾದವುಗಳ ಸಮೇತ ಅಳೆಯಲು ತೊಡಗಿದ್ದು. ಆದ್ದರಿಂದ 1972ರ ಎಂಜಿನ್ನನ್ನು ದುರ್ಬಲವೆಂದು ಬಿಡಬೇಕಾಗಿಲ್ಲ.

ಕಾರಿನ ಕಡೆಯ ಲೆಕ್ಕವನ್ನೂ ಮೊದಲೇ ಹಾಕಿಟ್ಟುಕೊಳ್ಳಿ. ಸ್ಮಾಲ್-ಬ್ಲಾಕ್ ಇದ್ದ ಕಾರ್ವೆಟ್‌ಗೆ ಬಿಗ್-ಬ್ಲಾಕ್ ಕೂರಿಸುವಾಗ ಗೇರ್‌ಬಾಕ್ಸಿನ ಬೋಲ್ಟುಗಳು ಹೊಂದುತ್ತವೆ. ಆದರೆ ಕಬ್ಬಿಣದ ಈ ಎಂಜಿನ್ ಸುಮಾರು 310 ಕಿಲೋ ತೂಗುವುದರಿಂದ ಇನ್ನೂ ಗಟ್ಟಿಯಾದ ಮುಂದಿನ ಸ್ಪ್ರಿಂಗ್‌ಗಳು, ದೊಡ್ಡ ರೇಡಿಯೇಟರ್ ಮತ್ತು ಉಬ್ಬಿದ ಬಾನೆಟ್ ಬೇಕಾಗುತ್ತವೆ. 1974ರವರೆಗಿನ ಕಾರ್ವೆಟ್‌ಗಳಲ್ಲಿ ಟ್ಯಾಕೋಮೀಟರ್ (ಎಂಜಿನ್ನಿನ ಸುತ್ತುಗಳನ್ನು ತೋರಿಸುವ ಮಾಪಕ) ನಡೆಯುವುದು ಡಿಸ್ಟ್ರಿಬ್ಯೂಟರಿನಿಂದ ಬರುವ ಕೇಬಲ್ಲಿನಿಂದ. ಟ್ರಕ್ಕಿನ ಡಿಸ್ಟ್ರಿಬ್ಯೂಟರಿನಲ್ಲಿ ಆ ಜೋಡಣೆ ಇರುವುದಿಲ್ಲ.

ಬೆಲೆ ಮಾತನಾಡುವಾಗ, ಓಡುವ ಎಂಜಿನ್ನೇ ಆದರೂ ಪೂರ್ತಿ ಬಿಚ್ಚಿ ಕಟ್ಟಬೇಕಾದೀತೆಂದೇ ಲೆಕ್ಕ ಹಿಡಿಯಿರಿ. ಮಶೀನ್ ಶಾಪಿನಲ್ಲಿ ಬ್ಲಾಕ್ ಮತ್ತು ಕ್ರ್ಯಾಂಕ್‌ಗಳಲ್ಲಿ ಬಿರುಕಿನ ಪರೀಕ್ಷೆ ಮಾಡಿಸಲು ಕಾಲಾವಕಾಶ ಕೇಳಿ, ಬಿರುಕು ಕಂಡರೆ ಇಂತಿಷ್ಟು ದಿನದೊಳಗೆ ಹಿಂದಿರುಗಿಸಬಹುದು ಎಂಬ ಷರತ್ತನ್ನು ಎರಕದ ಸಂಖ್ಯೆಯ ಸಮೇತ ರಸೀದಿಯಲ್ಲೇ ಬರೆಸಿಕೊಳ್ಳಿ.